'ಸ್ವಲ್ಪ ಅಡ್ಜಸ್ಟ್ ಮಾಡಿ' ಎನ್ನುವ ಮೊದಲು

ಬೆಳಿಗ್ಗೆ ಎದ್ದು ರಾತ್ರಿ ಮಲಗುವುದರೊಳಗೆ ನಮ್ಮ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಮಾತು ಯಾವುದು ಅಂತ ಎಣಿಸಿದರೆ, 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬುದು ಖಂಡಿತ ಮೊದಲ ಸಾಲಲ್ಲೇ ಉಂಟು. ಅಂಗಡಿಯಲ್ಲಿ ಚಿಲ್ಲರೆ ಇಲ್ಲದಾಗ, ಮದುವೆ ಹಾಲ್‌ನಲ್ಲಿ ಕುರ್ಚಿ ಸಾಲದಾಗ, ಬಾಡಿಗೆ ಮನೆಯಲ್ಲಿ ನೀರು ಬಾರದಾಗ, ಸೊಸೆ ತವರಿಗೆ ಹೋಗಬೇಕು ಅಂದಾಗ, ಎಲ್ಲದಕ್ಕೂ ಅದೇ ಒಂದು ಮಾತು. ಮಂಗಳೂರಿನಿಂದ ಬೀದರ್‌ವರೆಗೆ ಎಲ್ಲಿ ಹೋದರೂ ಈ ಪದಕ್ಕೆ ಅನುವಾದ ಬೇಡ. ಆದರೆ ಇದರ ಅರ್ಥ ಏನು, ಇದನ್ನು ಯಾರು ಯಾರಿಗೆ ಹೇಳ್ತಾರೆ, ಹೇಳಿಸಿಕೊಂಡವರಿಗೆ ಏನಾಗ್ತದೆ ಅಂತ ನಾವು ಯೋಚಿಸುವುದು ಕಡಿಮೆ.

ಕರಾವಳಿಯಿಂದ ಹೊಟ್ಟೆಪಾಡಿಗೆ ಕಲಬುರಗಿಗೆ ಬಂದ ನಮ್ಮಂಥವರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಇಲ್ಲಿಗೆ ಬಂದ ಮೊದಲ ವಾರದಲ್ಲೇ ನಮ್ಮ ಹೆಸರೇ ಬದಲಾಯಿತು. ಊರಲ್ಲಿ 'ಉಸ್ತಾದ್' ಆಗಿದ್ದವರು ಇಲ್ಲಿ 'ಹಜ್ರತ್', 'ಮೌಲಾನಾ' ಆದೆವು. ಕುಚ್ಚಲಕ್ಕಿಯ ಜಾಗಕ್ಕೆ ಜೋಳದ ರೊಟ್ಟಿ, ತೆಂಗಿನೆಣ್ಣೆಯ ಜಾಗಕ್ಕೆ ಶೇಂಗಾ ಎಣ್ಣೆ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ದಖನಿ, ಬಸ್ಸಿನಲ್ಲಿ ಕಲಬುರಗಿ ಕನ್ನಡ. ಇದೆಲ್ಲ ಕಷ್ಟ ಅಂತ ಹೇಳ್ತಾ ಇಲ್ಲ. ಬದಲಾಗುವುದು ಎಂದರೇನು, ಬಾಗುವುದು ಎಂದರೇನು, ಮುರಿಯುವುದು ಎಂದರೇನು ಎಂಬುದನ್ನು ನೋಡುವುದಕ್ಕೆ ಒಳ್ಳೆಯ ಅವಕಾಶ ಸಿಕ್ಕಿತು ಅಂತ ಅಷ್ಟೇ.

ಒಂದೇ ಮಾತಿಗೆ ಎಷ್ಟೊಂದು ಪದ

ಮದ್ರಸದ ಹುಡುಗನೊಬ್ಬ ಶಾಲೆಯ ಪುಸ್ತಕ ಹಿಡಿದು ಬಂದು, 'ಫ್ಲೆಕ್ಸಿಬಲ್ ಅಂದರೆ ಕನ್ನಡದಲ್ಲಿ ಏನು?' ಅಂತ ಕೇಳಿದ. ಪಠ್ಯಪುಸ್ತಕದ ಉತ್ತರ 'ನಮ್ಯತೆ'. ಆದರೆ ಯಾವ ಮನೆಯಲ್ಲೂ ಯಾರೂ 'ನಿನ್ನಲ್ಲಿ ನಮ್ಯತೆ ಇಲ್ಲ' ಅಂತ ಜಗಳ ಆಡುವುದಿಲ್ಲ. ಆಡುವ ಮಾತಿನಲ್ಲಿ ಇದಕ್ಕೆ ಒಂದು ಪದ ಇಲ್ಲ, ಒಂದು ಸಂಸಾರವೇ ಉಂಟು.

ಬಳುಕು, ಬಾಗು, ಬಗ್ಗು, ಮಣಿ, ಸಡಿಲು, ಒಗ್ಗು, ಹೊಂದು. ಇವೆಲ್ಲ ಅಕ್ಕಪಕ್ಕದ ಮನೆಯ ಪದಗಳು, ಆದರೆ ಒಂದೇ ಅಲ್ಲ. ಬಳ್ಳಿ ಬಳುಕುತ್ತದೆ, ಅದರಲ್ಲಿ ಅಂದ ಇದೆ. ಫಲ ತುಂಬಿದ ಕೊಂಬೆ ಬಾಗುತ್ತದೆ, ಅದರಲ್ಲಿ ಭಾರ ಇದೆ, ಗೌರವವೂ ಇದೆ. ಕೂಲಿಯವನು ಬೆನ್ನು ಬಗ್ಗಿಸುತ್ತಾನೆ, ಅದರಲ್ಲಿ ದುಡಿಮೆ ಇದೆ. ಸೋತವನು ಮಣಿಯುತ್ತಾನೆ, ಅದರಲ್ಲಿ ಒತ್ತಾಯ ಇದೆ. ಗಂಟು ಸಡಿಲಾಗುತ್ತದೆ, ಅದರಲ್ಲಿ ಬಿಡುಗಡೆ ಇದೆ, ಕೆಲವೊಮ್ಮೆ ಅಪಾಯವೂ ಇದೆ. ಹೊಸ ಊರಿನ ನೀರು ಮೈಗೆ ಒಗ್ಗುತ್ತದೆ, ಅದಕ್ಕೆ ಸಮಯ ಬೇಕು. ಇಬ್ಬರು ಹೊಂದಿಕೊಳ್ಳುತ್ತಾರೆ, ಅದಕ್ಕೆ ಇಬ್ಬರೂ ಬೇಕು.

ಈಗ 'ಅಡ್ಜಸ್ಟ್ ಮಾಡು' ಅಂದಾಗ ನಾವು ಇದರಲ್ಲಿ ಯಾವುದನ್ನು ಕೇಳ್ತಾ ಇದ್ದೇವೆ? ಹೊಂದಿಕೊ ಅಂತಲೋ, ಮಣಿ ಅಂತಲೋ? ಪೇಚು ಇರುವುದೇ ಇಲ್ಲಿ. ಬಾಯಲ್ಲಿ 'ಹೊಂದಿಕೊ' ಅಂತ ಹೇಳಿ, ಮನಸ್ಸಲ್ಲಿ 'ಮಣಿ' ಅಂತ ಇಟ್ಟುಕೊಳ್ಳುವುದು ಬಹಳ ಸುಲಭ.

ಗಾದೆಗಳೂ ಈ ವಿಷಯದಲ್ಲಿ ಎರಡು ಪಕ್ಷ. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಅಂತ ಒಂದು ಹೇಳುತ್ತದೆ. ಬಗ್ಗುವುದನ್ನು ಚಿಕ್ಕಂದಿನಲ್ಲೇ ಕಲಿ ಅಂತ ಅದರ ಬುದ್ಧಿ. 'ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ' ಅಂತ ಇನ್ನೊಂದು. ಸುಮ್ಮನೆ ಬಗ್ಗಬೇಡ, ಬಗ್ಗಿದರೆ ಜನ ಇನ್ನಷ್ಟು ಗುದ್ದುತ್ತಾರೆ ಅಂತ ಅದರ ಎಚ್ಚರಿಕೆ. ಹಿರಿಯರು ಎರಡನ್ನೂ ಉಳಿಸಿಕೊಂಡು ಬಂದಿದ್ದಾರೆ. ಎರಡೂ ನಿಜ ಅಂತ ಅವರಿಗೆ ಗೊತ್ತಿತ್ತು.

'ನಮ್ಯ' ಎಂಬ ಪಠ್ಯಪುಸ್ತಕದ ಪದವನ್ನೂ ತಳ್ಳಿಹಾಕಬೇಕಾಗಿಲ್ಲ. ಬಾಗು ಎಂಬ ಅರ್ಥದ ಸಂಸ್ಕೃತದ 'ನಮ್' ಅದರ ಮೂಲ. ನಮನ, ನಮಸ್ಕಾರ, ವಿನಮ್ರ ಎಲ್ಲ ಅದೇ ಬೇರಿನವು. ನಾವು ದಿನಕ್ಕೆ ಐದು ಬಾರಿ ಹೇಳುವ 'ನಮಾಝ್' ಅರಬಿ ಪದವಲ್ಲ, ಪಾರ್ಸಿ ಪದ. ಸಂಸ್ಕೃತದ 'ನಮಸ್' ಮತ್ತು ಪಾರ್ಸಿಯ 'ನಮಾಝ್' ಹಳೆಯ ಕಾಲದ ಒಂದೇ ಬೇರಿನಿಂದ ಬಂದವು ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಬಾಗುವುದು ಅವಮಾನ ಅಲ್ಲ, ಯಾರ ಮುಂದೆ ಮತ್ತು ಯಾಕೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ ಅಂತ ಈ ಒಂದು ಪದವೇ ಹೇಳಿಕೊಡುತ್ತದೆ.

ಕನ್ನಡದೊಳಗೆ ಕೂತ ಅರಬಿ

ಕಲಬುರಗಿ 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾಯಿತು. ಆಮೇಲೆ ರಾಜಧಾನಿ ಬೀದರ್‌ಗೆ ಹೋದರೂ, ಪಾರ್ಸಿ ಈ ಕಡೆಯ ಆಡಳಿತದ ಭಾಷೆಯಾಗಿ ಬಹು ಕಾಲ ಉಳಿಯಿತು, ನಿಜಾಮರ ಕಾಲದಲ್ಲಿ ಉರ್ದು ಬಂತು. ಆ ದಾರಿಯಲ್ಲಿ ಕನ್ನಡದೊಳಗೆ ಬಂದು ಕೂತ ಪದಗಳನ್ನು ನೋಡಿದರೆ ಆಶ್ಚರ್ಯ ಆಗುತ್ತದೆ. ಹೊಂದಾಣಿಕೆಗೆ ಸಂಬಂಧಪಟ್ಟ ನಮ್ಮ ದಿನಬಳಕೆಯ ಎಷ್ಟೋ ಪದಗಳು ಅಲ್ಲಿಂದಲೇ ಬಂದವು.

'ರಾಜಿ' ತೆಗೆದುಕೊಳ್ಳಿ. ಪಂಚಾಯಿತಿಯಲ್ಲಿ, ಕೋರ್ಟಿನಲ್ಲಿ, ಜಮಾಅತ್ ಕಮಿಟಿಯಲ್ಲಿ ರಾಜಿ ಮಾಡಿಸ್ತಾರೆ. ಅರಬಿಯಲ್ಲಿ ಅದರ ಮೂಲ ಅರ್ಥ 'ತೃಪ್ತನಾದವನು, ಒಪ್ಪಿದವನು'. ಅಂದರೆ ಎರಡೂ ಕಡೆಯವರ ಮನಸ್ಸು ತೃಪ್ತಿಯಾದರೆ ಮಾತ್ರ ರಾಜಿ. ಒಬ್ಬನು ನಗುತ್ತಾ, ಇನ್ನೊಬ್ಬನು ಕಣ್ಣೊರೆಸುತ್ತಾ ಎದ್ದು ಹೋದರೆ ಪದದ ಲೆಕ್ಕದಲ್ಲಿ ಅದು ರಾಜಿ ಅಲ್ಲ. 'ರಾಜೀನಾಮೆ'ಯೂ ಅದರ ತಮ್ಮನೇ. ಮೂಲದಲ್ಲಿ ಅದು ಒಪ್ಪಿಗೆಯ ಪತ್ರ, ಉರ್ದುವಿನಲ್ಲಿ ಇವತ್ತಿಗೂ ರಾಜಿಪತ್ರ. ಕನ್ನಡಕ್ಕೆ ಬಂದು ಕೆಲಸ ಬಿಟ್ಟು ಹೋಗುವ ಪತ್ರ ಆಯಿತು. ನಿಜವಾದ ರಾಜಿ ಇಲ್ಲದ ಕಡೆ ಕೊನೆಗೆ ಉಳಿಯುವುದು ರಾಜೀನಾಮೆಯೇ ಅಂತ ಭಾಷೆಯೇ ತಮಾಷೆ ಮಾಡಿದ ಹಾಗಿದೆ.

'ರಿಯಾಯಿತಿ' ಅಂದರೆ ನಮಗೆ ಬಟ್ಟೆ ಅಂಗಡಿಯ ಬೋರ್ಡು. ಅರಬಿ ಮೂಲದಲ್ಲಿ ಅದು ಕಾಯುವುದು, ನಿಗಾ ಇಡುವುದು. ಕುರಿ ಕಾಯುವವನಿಗೆ 'ರಾಈ' ಅಂತ ಹೆಸರು. ಆತನ ಕಾವಲಿನಲ್ಲಿ ಇರುವವರು 'ರಯ್ಯತ್', ಅದೇ ಪಾರ್ಸಿಯ ಮೂಲಕ ಬಂದು ನಮ್ಮ 'ರೈತ' ಆಯಿತು. ರೈತನೂ ರಿಯಾಯಿತಿಯೂ ಒಂದೇ ಬೇರಿನವು! ಯಾರ ಜವಾಬ್ದಾರಿ ನಮ್ಮ ಮೇಲಿದೆಯೋ ಅವರ ಕಷ್ಟ ನೋಡಿ ನಿಯಮವನ್ನು ಸಡಿಲಿಸುವುದೇ ರಿಯಾಯಿತಿ. ಅದು ಭಿಕ್ಷೆ ಅಲ್ಲ, ಕಾಯುವವನ ಕರ್ತವ್ಯ.

'ಸವಲತ್ತು' ಬಂದದ್ದು 'ಸುಹೂಲತ್'ನಿಂದ. ಅದರ ಬೇರಿನ 'ಸಹ್ಲ್' ಎಂದರೆ ಸಮತಟ್ಟಾದ ನೆಲ, ಸುಲಭ ಎಂದೂ ಅರ್ಥ. 'ಅಹ್ಲನ್ ವ ಸಹ್ಲನ್' ಅಂತ ಅತಿಥಿಯನ್ನು ಸ್ವಾಗತಿಸುವಾಗ ನಮ್ಮ ಮಕ್ಕಳು ಹೇಳುವುದು ಅದನ್ನೇ. 'ಸಲೀಸು' ಕೂಡ ಆ ಕಡೆಯದ್ದೇ, ಎಡರಿಲ್ಲದೆ ಹರಿಯುವುದು. ಎದುರು ಪಕ್ಷದಲ್ಲಿ ನಿಂತಿರುವ ಪದಗಳೂ ಅಲ್ಲಿಯವೇ. 'ಜಿದ್ದು' ಅಂದರೆ ಮೂಲದಲ್ಲಿ ವಿರುದ್ಧವಾದದ್ದು. 'ತಕರಾರು' ಅಂದರೆ ಮತ್ತೆ ಮತ್ತೆ ಹೇಳುವುದು. ಉರ್ದು ಮದ್ರಸಗಳಲ್ಲಿ ವಿದ್ಯಾರ್ಥಿಗಳು ಸಬಕನ್ನು ಕೂಡಿ ಕೂತು ಪುನಃ ಓದುವುದಕ್ಕೆ ಈಗಲೂ 'ತಕರಾರ್' ಅಂತಾರೆ. ಹೇಳಿದ್ದನ್ನೇ ಹೇಳುತ್ತಾ ಹೋದರೆ ಪಾಠ ಗಟ್ಟಿಯಾಗ್ತದೆ, ಮನೆಯಲ್ಲಿ ಹೇಳಿದ್ದನ್ನೇ ಹೇಳುತ್ತಾ ಹೋದರೆ ಜಗಳ ಗಟ್ಟಿಯಾಗ್ತದೆ. ಎಷ್ಟು ಸರಿಯಾಗಿ ಕೂತ ಪದ ನೋಡಿ!

ಕಲಬುರಗಿಯ ದಖನಿಯಲ್ಲಿ ನಾವು ಬಹಳ ಮೆಚ್ಚಿದ ಪದ 'ಗುಂಜಾಯಿಷ್'. ಜಾಗ, ಎಡೆ ಅಂತ ಅದರ ಅರ್ಥ. ಚೀಲದಲ್ಲಿ ಇನ್ನೊಂದು ಸೇರು ತೊಗರಿಬೇಳೆಗೆ ಗುಂಜಾಯಿಷ್ ಉಂಟಾ ಅಂತಲೂ ಕೇಳಬಹುದು, ಮಸ್‌ಅಲದಲ್ಲಿ ಗುಂಜಾಯಿಷ್ ಉಂಟಾ ಅಂತ ಮುಫ್ತಿಗಳನ್ನೂ ಕೇಳಬಹುದು. ಹೊಂದಾಣಿಕೆ ಅಂದರೆ ಕೊನೆಗೆ ಇದೇ ತಾನೇ, ಇನ್ನೊಬ್ಬರಿಗೆ ಜಾಗ ಇಡುವುದು. ಕಮಲಾಪುರದ ಬಸ್ಸಿನಲ್ಲಿ ನಿಂತವರು 'ಜರಾ ಸರೀರಿ' ಅಂತಾರೆ. ಕೂತವರು ನಾಲ್ಕು ಬೆರಳು ಸರಿದರೆ ಅವರಿಗೂ ಕೂರಲು ಆಯ್ತು. 'ಸರಿ' ಅಂದರೆ ಪಕ್ಕಕ್ಕೆ ಜರುಗು, 'ಸರಿ' ಅಂದರೆ ನ್ಯಾಯವಾದದ್ದು. ಕನ್ನಡದಲ್ಲಿ ಎರಡಕ್ಕೂ ಅದೇ ಎರಡಕ್ಷರ.

ಹಿಟ್ಟಿನ ಹದ, ನೆಲದ ಹದ

ಪುಸ್ತಕ ಬಿಟ್ಟು ಅಡುಗೆ ಮನೆಗೆ ಬನ್ನಿ. ಗೋಧಿ ಹಿಟ್ಟು ಎಳೆದರೆ ಹಿಗ್ಗುತ್ತದೆ, ಅದರಲ್ಲಿ ಅಂಟು ಇದೆ. ಜೋಳದ ಹಿಟ್ಟಿಗೂ ಅಕ್ಕಿ ಹಿಟ್ಟಿಗೂ ಆ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿ ತಟ್ಟಿದರೆ ಬಿರುಕು ಬಿಟ್ಟು ಒಡೆಯುತ್ತದೆ. ಅದಕ್ಕೇ ಕಲಬುರಗಿಯ ಹೆಣ್ಣುಮಕ್ಕಳು ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ಚೆನ್ನಾಗಿ ನಾದುತ್ತಾರೆ. ನಮ್ಮ ಉಮ್ಮಂದಿರು ಪತ್ತಿರ್‌ಗೆ ಅಕ್ಕಿ ಹಿಟ್ಟು ಹದ ಮಾಡುವುದೂ ಬಿಸಿ ನೀರಲ್ಲೇ. ಇಲ್ಲಿನ ಒಂದು ಮನೆಯಲ್ಲಿ ಊರಿನ ಸೊಸೆ ಪತ್ತಿರ್ ಮಾಡುವುದನ್ನು ನೋಡಿ ನೆರೆಮನೆಯ ಆಯಿ, 'ಅಯ್ಯ, ಇದೂ ನಮ್ಮ ರೊಟ್ಟಿ ಹಂಗೇ ಅದ ಅಲ್ಲವಾ!' ಅಂದರಂತೆ. ಐದಾರು ನೂರು ಕಿಲೋಮೀಟರ್ ದೂರದ ಎರಡು ಅಡುಗೆ ಮನೆಗಳು ಒಂದೇ ವಿದ್ಯೆ ಕಲಿತಿವೆ. ಸಹಜವಾಗಿ ಬಾಗದ್ದನ್ನು ಬಾಗಿಸಬೇಕಾದರೆ ಬಿಸಿಯೂ ಬೇಕು, ತಾಳ್ಮೆಯ ಕೈಯೂ ಬೇಕು. ಬರೀ ಗುದ್ದಿದರೆ ಒಡೆಯುತ್ತದೆ.

ಆ ಸ್ಥಿತಿಗೆ ಕನ್ನಡದಲ್ಲಿ ಇರುವ ಪದವೇ 'ಹದ'. ಹುಡುಗನಿಗೆ ನಾವು ಕೊನೆಗೆ ಕೊಟ್ಟ ಉತ್ತರವೂ ಅದೇ. ಇತ್ತ ಗಟ್ಟಿಯೂ ಅಲ್ಲ, ಅತ್ತ ತೆಳುವೂ ಅಲ್ಲ, ಕೆಲಸಕ್ಕೆ ಒದಗುವಷ್ಟು. ಕಲಬುರಗಿಯ ಎರೆ ಭೂಮಿಯನ್ನು ಕೇಳಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಜೋರು ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವಷ್ಟು ಜಿಗುಟು. ಎರಡರಲ್ಲೂ ಬಿತ್ತಲು ಆಗುವುದಿಲ್ಲ. ಮಳೆ ಬಂದು, ನೀರು ಇಂಗಿ, ಮಣ್ಣು ಹದಕ್ಕೆ ಬಂದಾಗ ರೈತ ತೊಗರಿ ಬಿತ್ತುತ್ತಾನೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆಯ ರುಚಿಯ ಹಿಂದೆ ಆ ನೆಲ ಇದೆ, ಹದ ನೋಡಿ ಕಾಯುವ ಆ ಕಣ್ಣೂ ಇದೆ.

ಕಮಲಾಪುರ ಎಂದರೆ ಕೆಂಪು ಬಾಳೆ. ಅದಕ್ಕೂ ಅಂಥದ್ದೇ ಮಾನ್ಯತೆ ಉಂಟು. ಬೇರೆ ಬಾಳೆಗಿಂತ ಹೆಚ್ಚು ಗೊಬ್ಬರ, ಹೆಚ್ಚು ಸಮಯ, ಹೆಚ್ಚು ಆರೈಕೆ ಬೇಡುವ ತಳಿ. ಬಾಳೆಯ ಗಿಡವನ್ನು ಗಾಳಿಯ ದಿನ ನಿಂತು ನೋಡಿದರೆ ಈ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಎಲೆ ಗಾಳಿಗೆ ಗೆರೆಗೆರೆಯಾಗಿ ಸೀಳಿ ದಾರಿ ಬಿಡುತ್ತದೆ, ಸೀಳಿದರೂ ಹಸಿರಾಗಿಯೇ ಉಳಿದು ಗಿಡಕ್ಕೆ ಉಣಿಸುತ್ತದೆ. ಗೊನೆ ಹೊತ್ತ ದಿಂಡು ಮಾತ್ರ ಹಾಗಲ್ಲ. ಅದು ಒಂದು ಮಟ್ಟದವರೆಗೆ ವಾಲಿ, ಆಮೇಲೆ ಮುರಿದು ಬೀಳುತ್ತದೆ. ಅದಕ್ಕೆ ತೋಟದವರು 'ನೀನೂ ಎಲೆಯ ಹಾಗೆ ಅಡ್ಜಸ್ಟ್ ಮಾಡ್ಕೋ' ಅಂತ ದಿಂಡಿಗೆ ಹೇಳುವುದಿಲ್ಲ. ಕೋಲು ಊರಿ ಆಸರೆ ಕೊಡುತ್ತಾರೆ. ಭಾರ ಹೊತ್ತವರಿಗೆ ಬೇಕಾದದ್ದು ಬುದ್ಧಿಮಾತಲ್ಲ, ಆಸರೆ.

ಅದೇ ಬಾಳೆಯ ಒಣಗಿದ ನಾರನ್ನು ಹೂ ಕಟ್ಟುವವರು ಮೊದಲು ನೀರಲ್ಲಿ ನೆನೆಸುತ್ತಾರೆ. ಒಣ ನಾರು ಗಂಟು ಹಾಕುವಾಗ ತುಂಡಾಗುತ್ತದೆ, ನೆನೆದ ನಾರು ಹೇಳಿದ ಹಾಗೆ ಕೇಳುತ್ತದೆ. ಮನುಷ್ಯರೂ ಅಷ್ಟೇ. ನಾಲ್ಕು ಒಳ್ಳೆಯ ಮಾತಿನ ತೇವ ಇಲ್ಲದೆ, ಒಣಗಿದ ಮನಸ್ಸನ್ನು ಬಗ್ಗಿಸಲು ಹೋದರೆ ತುಂಡೇ ಆಗುವುದು.

ಬಿಸಿಲಿಗೆ ಬಾಗಿದ ಗಡಿಯಾರ

ನಿಯಮ ಎಂದರೆ ಕಲ್ಲು ಅಂತ ತಿಳಿದವರು ಏಪ್ರಿಲ್ ತಿಂಗಳಲ್ಲಿ ಕಲಬುರಗಿಗೆ ಬರಬೇಕು. ಪಾರ 40 ಡಿಗ್ರಿ ದಾಟಿ, ಮಧ್ಯಾಹ್ನ ಸೂಪರ್ ಮಾರ್ಕೆಟ್ ರಸ್ತೆಯೇ ಮಲಗಿರುತ್ತದೆ. ಆ ಕಾರಣಕ್ಕೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಆದೇಶವನ್ನು ರಾಜ್ಯ ಸರ್ಕಾರ ಹೊರಡಿಸುತ್ತಾ ಬಂದಿದೆ. ಬೆಂಗಳೂರಿನ ಕಚೇರಿಗೆ ಒಂದು ಗಂಟೆ, ಕಲಬುರಗಿಯ ಕಚೇರಿಗೆ ಇನ್ನೊಂದು ಗಂಟೆ. ಇದನ್ನು ಯಾರೂ ಅಶಿಸ್ತು ಅನ್ನುವುದಿಲ್ಲ. ಬಿಸಿಲು ಇಳಿದ ಮೇಲೆ ಗಡಿಯಾರವೂ ಹಿಂದಿನ ಜಾಗಕ್ಕೆ ಬರುತ್ತದೆ.

ನಮ್ಮ ದೀನಿನಲ್ಲೂ ಇದೇ ನೋಟ ಇದೆ. ತೀವ್ರ ಸೆಖೆಯಲ್ಲಿ ಝುಹ್ರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡ ಮಾಡುವಂತೆ ಪ್ರವಾದಿಯವರು (ಸ) ಸೂಚಿಸಿದ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಫಿಕ್‌ಹ್‌ನಲ್ಲಿ ಅದಕ್ಕೆ 'ಇಬ್ರಾದ್' ಅಂತಾರೆ. ಇಂಥ ಸಡಿಲಿಕೆಗಳಿಗೆ ಸಾಮಾನ್ಯ ಹೆಸರು 'ರುಖ್ಸತ್'. ಪ್ರಯಾಣಿಕನಿಗೆ, ರೋಗಿಗೆ, ಗರ್ಭಿಣಿಗೆ, ಮೊಲೆಯುಣಿಸುವ ತಾಯಿಗೆ ಬೇರೆ ಬೇರೆ ರುಖ್ಸತ್‌ಗಳು ಇವೆ. ಕಷ್ಟ ಎದುರಾದಲ್ಲಿ ಸುಲಭದ ದಾರಿ ತೆರೆಯುತ್ತದೆ ಎಂಬುದು ಫಿಕ್‌ಹ್‌ನ ಐದು ದೊಡ್ಡ ಸೂತ್ರಗಳಲ್ಲಿ ಒಂದು. ಕಷ್ಟ ಮುಗಿದ ಮೇಲೆ ಸಡಿಲಿಕೆಯೂ ಮುಗಿಯುತ್ತದೆ ಎಂಬುದು ಅದರ ಇನ್ನೊಂದು ಮುಖ. ಎರಡು ಆಯ್ಕೆ ಇದ್ದಾಗ, ಪಾಪದ್ದಲ್ಲದಿದ್ದರೆ, ಪ್ರವಾದಿಯವರು ಸುಲಭವಾದುದನ್ನೇ ಆರಿಸುತ್ತಿದ್ದರು ಅಂತ ಆಯಿಶಾ ಬೀವಿಯವರು ತಿಳಿಸಿದ್ದಾರೆ. ಆ ಮಾತಿನಲ್ಲಿ ಸಡಿಲಿಕೆಯೂ ಇದೆ, ಅದರ ಬೇಲಿಯೂ ಇದೆ.

ಯಾವುದು ಬದಲಾಗುತ್ತದೆ, ಯಾವುದು ಇಲ್ಲ

ಕರಾವಳಿಯ ನಾವು ಶಾಫಿಗಳು, ಇಲ್ಲಿನವರಲ್ಲಿ ಹೆಚ್ಚಿನವರು ಹನಫಿಗಳು. ಊರಿಂದ ಬಂದ ಹುಡುಗರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಅಸರ್ ಬಾಂಗ್ ನಮ್ಮೂರಿನ ಲೆಕ್ಕಕ್ಕಿಂತ ತಡ. ನಮ್ಮಲ್ಲಿ ನೆರಳು ವಸ್ತುವಿನಷ್ಟು ಉದ್ದ ಆದಾಗ, ಅವರಲ್ಲಿ ಅದರ ಎರಡರಷ್ಟು ಆದಾಗ. ಫಜ್ರ್‌ನಲ್ಲಿ ಕುನೂತ್ ಇಲ್ಲ. ಆಮೀನ್ ಜೋರಾಗಿ ಕೇಳಿಸುವುದಿಲ್ಲ. 'ಉಸ್ತಾದ್, ಇಲ್ಲಿ ನಮಾಝ್ ಆಗ್ತದಾ?' ಅಂತ ಗಾಬರಿಯಿಂದ ಕೇಳಿದವರೂ ಇದ್ದಾರೆ. ಆಗ್ತದೆ ಅಂತ ಸಮಾಧಾನ ಹೇಳುತ್ತೇವೆ. ಇಮಾಮ್ ಶಾಫಿಯವರು ಇಮಾಮ್ ಅಬೂ ಹನೀಫರ ಖಬರಿನ ಬಳಿ ಫಜ್ರ್ ನಮಾಝ್ ಮಾಡಿದಾಗ, ಅವರ ಮೇಲಿನ ಗೌರವಕ್ಕೆ ಕುನೂತ್ ಬಿಟ್ಟರು ಅಂತ ಉಲಮಾಗಳು ಹೇಳುತ್ತಾ ಬಂದ ಪ್ರಸಂಗ ಇದೆ. ಹಾಗಂತ ಫಜ್ರ್ ಎರಡು ರಕಅತ್ ಮೂರು ಆಗಲಿಲ್ಲ. ಅದು ಹೊಂದಾಣಿಕೆಗೆ ಬರುವ ವಿಷಯ ಅಲ್ಲ.

ಕಲಬುರಗಿ ಕೋಟೆಯೊಳಗಿನ ಜಾಮಿಅ ಮಸೀದಿಯನ್ನು ನೋಡಿದವರಿಗೆ ಇದು ಕಣ್ಣೆದುರೇ ಕಾಣುತ್ತದೆ. 1367ರ ಈ ಕಟ್ಟಡದಲ್ಲಿ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳವೇ ಇಲ್ಲ, ಪೂರ್ತಿ ಚಾವಣಿ. ರೂಪ ಬದಲಾಯಿತು, ಕಿಬ್ಲಾ ಬದಲಾಗಲಿಲ್ಲ. ಅದೇ ಊರಿನಲ್ಲಿ 1422ರಲ್ಲಿ ವಫಾತಾದ ಖಾಜಾ ಬಂದೇ ನವಾಝ್‌ರವರು ದೆಹಲಿಯ ಕಡೆಯಿಂದ ಬಂದವರು, ಪಾರ್ಸಿ ಅರಬಿಯ ದೊಡ್ಡ ವಿದ್ವಾಂಸರು. ಆದರೂ ಸಾಮಾನ್ಯ ಜನರ ದಖನಿಯಲ್ಲೂ ಅವರ ಹೆಸರಿನ ಬರಹಗಳು ಉಳಿದುಕೊಂಡು ಬಂದಿವೆ. ಜನರ ಬಳಿಗೆ ಹೋಗಲು ಭಾಷೆ ಬಾಗಿತು, ಹೇಳಬೇಕಾದ ವಿಷಯ ಬಾಗಲಿಲ್ಲ.

ನಮ್ಮ ಮಕ್ಕಳ ಮಾತಿಗೂ ಇದನ್ನೇ ಹೇಳಬೇಕು. ಇಲ್ಲಿ ಬೆಳೆದ ಬ್ಯಾರಿ ಮಗು ಬೆಳಿಗ್ಗೆಯಿಂದ ಸಂಜೆಯೊಳಗೆ ನಾಲ್ಕು ಭಾಷೆ ದಾಟುತ್ತದೆ. ಅದು ದೊಡ್ಡ ಬಲ. ಆದರೆ 'ಇಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ, ಬಿಡು' ಅಂತ ಮನೆಯಲ್ಲೂ ಬ್ಯಾರಿ ಬಿಟ್ಟರೆ, ಊರಿಗೆ ಹೋದಾಗ ಅಜ್ಜಿಯ ಮಡಿಲಲ್ಲಿ ಕೂತು ಮಗು ಮೂಕ ಆಗುತ್ತದೆ. ಕೊಂಬೆ ಎಷ್ಟು ಬೇಕಾದರೂ ಬಳುಕಲಿ, ಬೇರು ಕೀಳುವುದು ಬೇಡ.

ಬಾಗಬೇಕಾದವರು ಯಾರು?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಹೊಂದಾಣಿಕೆಯ ಪಾಠ ನಮ್ಮಲ್ಲಿ ಯಾವಾಗಲೂ ದುರ್ಬಲರಿಗೇ ಸಿಗುವುದು ಯಾಕೆ?

ಏಪ್ರಿಲ್‌ನಲ್ಲಿ ರಂಝಾನ್ ಬಂದಿದ್ದ ಒಂದು ವರ್ಷ. ಕಮಲಾಪುರದ ಕಡೆಯ ಒಂದು ಮನೆಗೆ ಕರಾವಳಿಯಿಂದ ಬಂದ ಸೊಸೆ, ಕೈಯಲ್ಲಿ ಎಳೆಗೂಸು. ಮನೆಯವರೆಲ್ಲ ಉಪವಾಸ ಇದ್ದರು, ಅವಳೂ ಹಿಡಿದಳು. ಆ ಬಿಸಿಲಿಗೆ ಹಾಲು ಕಡಿಮೆಯಾಗಿ ಮಗು ರಾತ್ರಿಯಿಡೀ ಅಳತೊಡಗಿತು. 'ಎಲ್ಲಾರೂ ಹಿಡದೀವಿ, ನೀನೂ ಜರಾ ಹೊಂದ್ಕೋ' ಎಂದರಂತೆ ಅತ್ತೆ. ಊರಿಗೆ ಫೋನ್ ಮಾಡಿದರೆ ಅಲ್ಲಿಂದಲೂ 'ಸಬೂರ್ ಮಾಡು ಮೋಳೇ' ಎಂಬ ಮಾತು. ಎರಡು ಕಡೆಯವರೂ ಕೆಟ್ಟವರಲ್ಲ, ಒಳ್ಳೆಯ ಪದಗಳನ್ನೇ ಹೇಳಿದ್ದರು. ಆದರೆ ಆ ಒಳ್ಳೆಯ ಪದಗಳ ನಡುವೆ ಒಂದು ಕೂಸು ಸೊರಗುತ್ತಾ ಇತ್ತು. ಮಾವ ನಮಗೆ ಫೋನ್ ಮಾಡಿದರು. ಮೊಲೆಯುಣಿಸುವ ತಾಯಿಗೆ ರುಖ್ಸತ್ ಇದೆ, ಆಮೇಲೆ ಖಝಾ ಹಿಡಿದರೆ ಆಯಿತು, ಮಗುವಿನ ಸಲುವಾಗಿ ಬಿಟ್ಟದ್ದಾದರೆ ಶಾಫಿ ಮದ್‌ಹಬ್‌ನಲ್ಲಿ ದಿನಕ್ಕೆ ಒಂದು ಮುದ್ದ್ ಧಾನ್ಯವನ್ನೂ ಬಡವರಿಗೆ ಕೊಡಬೇಕು, ಹನಫಿಯಲ್ಲಿ ಖಝಾ ಮಾತ್ರ ಅಂತ ತಿಳಿಸಿದೆವು. ಮಗುವನ್ನು ಡಾಕ್ಟರಿಗೂ ತೋರಿಸಿ ಅಂದೆವು. ಅವಳು ಉಪವಾಸ ಬಿಟ್ಟಳು. ಹಗಲು ಗಿಡ್ಡ ಇರುವ ಚಳಿಗಾಲದಲ್ಲಿ ಅತ್ತೆಯೇ ಸಹರಿಗೆ ಎಬ್ಬಿಸಿ ಖಝಾ ಹಿಡಿಸಿದರಂತೆ. ಇಲ್ಲಿ ಬಾಗಬೇಕಾದದ್ದು ಸೊಸೆ ಅಲ್ಲ, ಮನೆಯ ತಿಳುವಳಿಕೆ.

ಇನ್ನೊಂದು ಕಡೆ ನೋಡಿ. ಊರಿಂದ ಬಂದ ಹುಡುಗರು ಬೇಕರಿ, ಹೋಟೆಲ್, ಬಟ್ಟೆ ಅಂಗಡಿಗಳಲ್ಲಿ ನಿಲ್ಲುತ್ತಾರೆ. ಸೇರುವಾಗ 'ಟೈಮಿಂಗ್ ಫ್ಲೆಕ್ಸಿಬಲ್' ಅಂತಾರೆ. ಕೇಳಲು ಚೆಂದ. ಆದರೆ ಕೆಲವು ಕಡೆ ಅದರ ಅರ್ಥ ಬೆಳಿಗ್ಗೆ ಏಳಕ್ಕೆ ಶಟರ್ ಎತ್ತುವುದು, ರಾತ್ರಿ ಹನ್ನೊಂದಕ್ಕೆ ಎಳೆಯುವುದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮಾಡುವಾಗಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಬರೆದು, ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ ಎಂದಿದ್ದಾರೆ. ಹುಡುಗನು ಮಾತ್ರ ಬಾಗಿ, ಮಾಲಕನ ಗಂಟೆ ಬಾಗದೇ ಇದ್ದರೆ ಅದಕ್ಕೆ ಹೊಂದಾಣಿಕೆ ಅಂತ ಹೆಸರಿಡಬಾರದು. ಮಾಲಕರು ನಮ್ಮವರೇ ಆಗಿದ್ದರೆ ಇನ್ನೂ ಹೆಚ್ಚು ಯೋಚಿಸಬೇಕು.

ಮುಆದ್ ಬಿನ್ ಜಬಲ್ (ರ) ಅವರ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಅವರು ರಾತ್ರಿಯ ನಮಾಝಿಗೆ ಉದ್ದದ ಸೂರಾ ಓದತೊಡಗಿದರು. ಹಗಲೆಲ್ಲ ನೀರು ಹೊರುವ ಒಂಟೆಗಳೊಂದಿಗೆ ದುಡಿದು ಬಂದ ಒಬ್ಬ ವ್ಯಕ್ತಿ ತಾಳಲಾರದೆ ಜಮಾಅತ್ ಬಿಟ್ಟು ತಾನೇ ನಮಾಝ್ ಮಾಡಿ ಹೋದರು. ದೂರು ಪ್ರವಾದಿಯವರ (ಸ) ಬಳಿ ಬಂತು. ಅವರು ತಿದ್ದಿದ್ದು ದಣಿದ ಕೆಲಸಗಾರನನ್ನಲ್ಲ, ಇಮಾಮರನ್ನು. ಮುಂದೆ ನಿಂತವನು ಹಿಂದೆ ನಿಂತವರ ಬೆನ್ನು ನೋಡಿ ನಡೆಯಬೇಕು. ರಿಯಾಯಿತಿ ಎಂಬ ಪದದ ಬೇರಿನಲ್ಲಿ ಇರುವುದೂ ಅದೇ ಅಲ್ವಾ?

ಬಗ್ಗುವುದಕ್ಕೂ ಒಂದು ಲೆಕ್ಕ ಉಂಟು. ರಬ್ಬರ್ ಬ್ಯಾಂಡ್ ಎಳೆದರೆ ಹಿಗ್ಗಿ, ಬಿಟ್ಟರೆ ಹಿಂದಿನ ಅಳತೆಗೆ ಬರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ 'ಸ್ಥಿತಿಸ್ಥಾಪಕತ್ವ' ಅಂತ ದೊಡ್ಡ ಹೆಸರು. ಮಿತಿ ಮೀರಿ ಎಳೆದರೆ ಜೋತು ಬೀಳುತ್ತದೆ, ಇನ್ನೂ ಎಳೆದರೆ ತುಂಡು. ಕಬ್ಬಿಣದ ತಂತಿಯನ್ನು ಒಂದು ಸಲ ಬಗ್ಗಿಸಿದರೆ ಏನೂ ಆಗುವುದಿಲ್ಲ. ಅದೇ ಜಾಗದಲ್ಲಿ ಹತ್ತಾರು ಸಲ ಆಚೀಚೆ ಬಗ್ಗಿಸಿದರೆ ಕೈಯಲ್ಲೇ ಮುರಿಯುತ್ತದೆ. 'ಇಷ್ಟು ಸಣ್ಣ ವಿಷಯಕ್ಕೆ ಮನೆ ಬಿಟ್ಟು ಹೋದಳಲ್ಲ' ಅಂತ ನಾವು ಕಮಿಟಿಯಲ್ಲಿ ಕೂತು ಹೇಳುವಾಗ, ಕೊನೆಯ ಒಂದು ಬಗ್ಗುವಿಕೆಯನ್ನು ಮಾತ್ರ ನೋಡಿರುತ್ತೇವೆ. ಮೊದಲಿನವುಗಳನ್ನು ಎಣಿಸಿರುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ರೋಗವೂ ಉಂಟು. ಗಾಳಿ ಬಂದಾಗ ತೂರಿಕೊಳ್ಳುವುದು. ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು, 'ನಾವು ಫ್ಲೆಕ್ಸಿಬಲ್' ಅಂತ ಸಮರ್ಥನೆ. ಸಾಲ ತೀರಿಸುವ ದಿನ ಬಂದಾಗ, ಮಹರ್ ಕೊಡುವ ಮಾತು ಬಂದಾಗ, ಆಸ್ತಿಯಲ್ಲಿ ಸಹೋದರಿಯ ಪಾಲು ಬಂದಾಗ 'ಅಡ್ಜಸ್ಟ್ ಮಾಡುವ' ಅನ್ನುವುದು ಬಾಗುವುದಲ್ಲ, ಜಾರಿಕೊಳ್ಳುವುದು. ತನ್ನ ಹಕ್ಕನ್ನು ಬಿಟ್ಟುಕೊಡುವುದು ಔದಾರ್ಯ. ಇನ್ನೊಬ್ಬರ ಹಕ್ಕನ್ನು ತಾನೇ ಬಿಟ್ಟುಕೊಡುವುದು ಔದಾರ್ಯ ಅಲ್ಲ.

ಆದ್ದರಿಂದ ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಕಮಿಟಿಗಳಲ್ಲಿ ಯಾರಿಗಾದರೂ 'ಸ್ವಲ್ಪ ಅಡ್ಜಸ್ಟ್ ಮಾಡಿ' ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವ. ಒಂದು, ಬಾಗುತ್ತಾ ಇರುವುದು ಒಬ್ಬರೇನಾ, ನಾವೂ ನಾಲ್ಕು ಬೆರಳು ಸರಿದಿದ್ದೇವಾ? ಎರಡು, ಇದು ಎಲ್ಲಿಯವರೆಗೆ? ಕಲಬುರಗಿಯ ಕಚೇರಿಯ ಬೇಸಿಗೆ ಗಂಟೆಗೂ ಒಂದು ಕೊನೆ ಇರುವಾಗ, ಮನುಷ್ಯರ ಕಷ್ಟಕ್ಕೆ ತಾರೀಕು ಬೇಡವಾ? ಮೂರು, ಬಿಟ್ಟುಕೊಡು ಅಂತ ಕೇಳುತ್ತಾ ಇರುವುದು ಅವರ ಅನುಕೂಲವನ್ನೋ, ಅವರ ಹಕ್ಕನ್ನೋ? ಅನುಕೂಲವಾದರೆ ಕೇಳಬಹುದು, ಅದೂ ಮೆತ್ತಗೆ. ಹಕ್ಕಾದರೆ ಕೇಳುವ ಬಾಯಿಯೇ ಹಿಂದೆ ಸರಿಯಬೇಕು.

ಈ ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ, ಆಗ ಧೈರ್ಯವಾಗಿ ಹೇಳಿ. ಕೇಳಿದವರೂ ಮುಖ ಸಣ್ಣ ಮಾಡದೆ 'ಅದಕ್ಕೇನಂತೆ, ಆಯ್ತು' ಅಂದಾರು. ಇಬ್ಬರೂ ಹಾಗೆ ಮನಸಾರೆ ಒಪ್ಪಿದ್ದಕ್ಕೆ ತಾನೇ ನಮ್ಮ ಹಿರಿಯರು ರಾಜಿ ಅಂತ ಹೆಸರಿಟ್ಟದ್ದು.